ಹಿಮಗೊಂಬೆಗೆ ಪೇಟ ಕಟ್ಟುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿದ್ದೇವೆ. ಕಳೆದ ಚಳಿಗಾಲದಲ್ಲಿ ಮಕ್ಕಳೊಂದಿಗೆ ಮಾಡಿದ ಹಿಮಗೊಂಬೆಗೆ ಇದ್ದಿಲಿನ ಕಣ್ಣು, ಕ್ಯಾರೆಟ್ ಮೂಗು ಇಟ್ಟು, ಊರಿನಿಂದ ತಂದಿದ್ದ ಪೇಟವನ್ನೂ ತೊಡಿಸಿದೆವು. ಎರಡೇ ದಿನದಲ್ಲಿ ಕಣ್ಣುಗಳು ಒಳಗೆ ಇಳಿದವು, ಮೂಗು ಬಿದ್ದಿತು, ಪೇಟದ ಬಣ್ಣ ಇಳಿದು ಮುಖವೆಲ್ಲ ಕೆಂಪಾಯಿತು. ಈ ಸಲ ನಮ್ಮ ಊರಿನ ಕಳೆ ಬರುವಂತೆ, ಹೆಚ್ಚು ಖರ್ಚಿಲ್ಲದೆ ಅಲಂಕರಿಸುವುದು ಹೇಗೆ?

ಉತ್ತರ: ಕಪ್ಪು ವಸ್ತು ಬಿಸಿಲನ್ನು ಹೀರಿಕೊಂಡು ತನ್ನ ಸುತ್ತಲಿನ ಹಿಮವನ್ನು ಕರಗಿಸುತ್ತದೆ, ನಿಮ್ಮ ಗೊಂಬೆಯ ಕಣ್ಣು ಒಳಗಿಳಿದದ್ದು ಇದರಿಂದಲೇ. ಅಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ಚಲಿಸುವುದರಿಂದ, ಗೊಂಬೆಯ ಮುಖವನ್ನು ಉತ್ತರಕ್ಕೆ ತಿರುಗಿಸಿದರೆ ಇದ್ದಿಲಿನ ಕಣ್ಣೂ ಹೆಚ್ಚು ದಿನ ಉಳಿಯುತ್ತದೆ. ಕ್ಯಾರೆಟ್‌ಗಾಗಿ ಗೊಂಬೆಯ ಮುಖದಲ್ಲಿ ಮೊದಲೇ ಕಡ್ಡಿಯಿಂದ ರಂಧ್ರ ಮಾಡಿ, ದಪ್ಪ ತುದಿಯನ್ನು ಅರ್ಧದಷ್ಟು ಒಳಗೆ ಸೇರಿಸಿ, ಸುತ್ತಲೂ ಒದ್ದೆ ಹಿಮ ಮೆತ್ತಬೇಕು. ರಾತ್ರಿ ಅದು ಹೆಪ್ಪುಗಟ್ಟಿ ಮೂಗನ್ನು ಹಿಡಿದುಕೊಳ್ಳುತ್ತದೆ.

ಪೇಟದ ವಿಷಯದಲ್ಲಿ ನನ್ನ ಸಲಹೆ ಬೇರೆಯೇ ಇದೆ. ಬಟ್ಟೆಯ ಪೇಟವನ್ನು ಪೆಟ್ಟಿಗೆಯಲ್ಲೇ ಇರಿಸಿ, ಹಿಮದಿಂದಲೇ ಪೇಟ ಕಟ್ಟಿ. ಹಬ್ಬಕ್ಕೆ ಮಣ್ಣಿನ ಗಣಪನನ್ನು ಮಾಡುವಾಗ ಜೇಡಿಯನ್ನು ಹೊಸೆದು ಸೊಂಡಿಲು ಮಾಡುತ್ತೇವಲ್ಲ, ಹಾಗೆಯೇ ಒದ್ದೆ ಹಿಮವನ್ನು ಉದ್ದಕ್ಕೆ ಹೊಸೆದು ತಲೆಯ ಸುತ್ತ ಸುತ್ತಾಗಿ ಒತ್ತಿ, ಚಮಚದ ಹಿಡಿಯಿಂದ ಮಡಿಕೆಗಳನ್ನು ಗೀರಬೇಕು. ತಿನಿಸಿಗೆ ಹಾಕುವ ಬಣ್ಣವನ್ನು ತಣ್ಣೀರಿನಲ್ಲಿ ಕದಡಿ ಸ್ಪ್ರೇ ಬಾಟಲಿಯಿಂದ ತೆಳುವಾಗಿ ಸಿಂಪಡಿಸಿ, ಅಂಚಿಗೆ ಹೊನ್ನಿನ ಬಣ್ಣದ ಉಡುಗೊರೆ ಕಾಗದದ ಪಟ್ಟಿಯನ್ನು ಒತ್ತಿದರೆ ಜರಿಯ ಮೆರುಗು ಬರುತ್ತದೆ. ಕೆಳಗಿನ ಉಂಡೆಯ ಮೇಲೆ ಪಂಚೆಯ ನೆರಿಗೆಗಳನ್ನೂ ಹೀಗೆಯೇ ಕೆತ್ತಬಹುದು. ಪೈನ್ ಮರದ ಎಲೆಗೊಂಚಲು ಎರಡಿದ್ದರೆ ಗಿರಿಜಾ ಮೀಸೆ ಸಿದ್ಧ.

ಆಭರಣಕ್ಕೆ ನಿಮ್ಮ ಮನೆಯ ಪಡ್ಡಿನ ಕಾವಲಿಗಿಂತ ಒಳ್ಳೆಯ ಅಚ್ಚು ಇನ್ನೊಂದಿಲ್ಲ. ಗುಳಿಗಳಲ್ಲಿ ಬಣ್ಣದ ನೀರು ತುಂಬಿ ರಾತ್ರಿ ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಅರೆಗೋಲದ ಮಣಿಗಳಾಗಿರುತ್ತವೆ. ಕಾವಲಿಯ ಹಿಂಬದಿಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತವೆ. ಅವನ್ನು ಕೊರಳ ಸುತ್ತ ಸಾಲಾಗಿ ಒತ್ತಿದಾಗ ಬೆಳಕು ಹಾಯ್ದು ಹೊಳೆಯುವ ಸರವನ್ನು ಮಕ್ಕಳು ಖಂಡಿತ ಮೆಚ್ಚುತ್ತಾರೆ.

ಒಂದು ಎಚ್ಚರಿಕೆ: ಕಡುಚಳಿಯ ಪುಡಿ ಹಿಮ, ತುಪ್ಪ ಸಾಲದ ರವೆ ಉಂಡೆಯಂತೆ ಉದುರುತ್ತದೆ. ತಾಪಮಾನ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬರುವ ದಿನಕ್ಕಾಗಿ ಕಾಯಿರಿ.

ಕೈಗೆ ಸಿಕ್ಕ ವಸ್ತುಗಳನ್ನೇ ಒಡವೆಯಾಗಿಸುವ ಕಲೆಗೆ ಮೇನ್ ರಾಜ್ಯದ ಬೆಥೆಲ್ ಊರಿನವರು ಒಳ್ಳೆಯ ಉದಾಹರಣೆ. 2008ರಲ್ಲಿ ಅವರು 122 ಅಡಿಗೂ ಮಿಗಿಲಾದ ಹಿಮದ ಹೆಣ್ಣುಗೊಂಬೆಯನ್ನು ನಿಲ್ಲಿಸಿದಾಗ, ಹಳೆಯ ಸ್ಕೀ ಹಲಗೆಗಳು ಅವಳ ರೆಪ್ಪೆಗೂದಲುಗಳಾದವು, ಕೆಂಪು ಬಳಿದ ಟೈರುಗಳು ತುಟಿಗಳಾದವು, ಇಡೀ ಮರಗಳೇ ತೋಳುಗಳಾದವು. ಮಕ್ಕಳಿಗೆ ಅದರ ಚಿತ್ರ ತೋರಿಸಿ. ಆಮೇಲೆ ಮನೆಯ ಮೂಲೆಮೂಲೆಯನ್ನು ಅವರೇ ಹುಡುಕುತ್ತಾರೆ.

ಪ್ರಶ್ನೆ: ಹಿಮಗೊಂಬೆಯ ಅಂಗಿಗೆ ಗುಂಡಿಗಳ ಬದಲು ಒಣದ್ರಾಕ್ಷಿ, ಚಾಕೊಲೇಟ್ ಇಡಬಹುದೇ? (ಟೊರಾಂಟೊದ ಓದುಗರೊಬ್ಬರಿಂದ)

ಉತ್ತರ: ದಯವಿಟ್ಟು ಬೇಡ. ಇವೆರಡೂ ನಾಯಿಗಳಿಗೆ ವಿಷವಾಗಬಲ್ಲವು, ಅಂಗಳಕ್ಕೆ ನೆರೆಮನೆಯ ನಾಯಿ ಬಾರದೆಂಬ ಭರವಸೆಯೂ ಇಲ್ಲ. ಉಪ್ಪು ಹಾಕದ ಶೇಂಗಾ ಮತ್ತು ಸೂರ್ಯಕಾಂತಿ ಬೀಜಗಳಿಂದ ಗುಂಡಿಗಳನ್ನೂ ಅಂಗಿಯ ಅಂಚನ್ನೂ ಬಿಡಿಸಿದರೆ ಚಳಿಗಾಲದ ಹಕ್ಕಿಗಳಿಗೆ ಆಹಾರವಾಗುತ್ತದೆ. ಅವು ತಿಂದು ಹೋದ ಜಾಗಕ್ಕೆ ಮರುದಿನ ಮಕ್ಕಳು ಬೇರೆ ಚಿತ್ತಾರ ಬಿಡಿಸಲಿ.