ಚರಂಡಿ ಪಕ್ಕ ಸಿಕ್ಕ ಎರಡು ಹೆಣ್ಣು ನಾಯಿಮರಿಗಳನ್ನು ದತ್ತು ಕೊಡಬೇಕು, ಅದಕ್ಕೆ ಮೊದಲು ಏನೇನು ಮಾಡಬೇಕು?

ಶಿವಮೊಗ್ಗದ ಗೋಪಾಳದಲ್ಲಿ ಮಳೆಗೆ ನೆನೆಯುತ್ತಿದ್ದ ಎರಡು ಹೆಣ್ಣು ಮರಿಗಳನ್ನು ಮನೆಗೆ ತಂದಿದ್ದೀರಿ. ಒಂದೂವರೆ ತಿಂಗಳಿನವು. ತೀರ್ಥಹಳ್ಳಿ ಕಡೆಯ ತೋಟದ ಮನೆಯವರೊಬ್ಬರು ಈ ಭಾನುವಾರವೇ ಒಂದನ್ನು ಒಯ್ಯುತ್ತೇವೆ ಅಂದಿದ್ದಾರೆ, ಕೊಡಬಹುದಾ ಎಂದು ಕೇಳಿದ್ದೀರಿ.

ಈ ಭಾನುವಾರ ಕೊಡಬೇಡಿ. ಎರಡು ತಿಂಗಳು ಕಾಯಲು ಹೇಳಿ. ನಿಜವಾಗಿ ನಾಯಿ ಬೇಕು ಅನ್ನುವವರು ಕಾಯುತ್ತಾರೆ.

ನಾನು ವಿನೋಬನಗರದಲ್ಲಿದ್ದೇನೆ. ಏಳು ವರ್ಷದಿಂದ ಬೀದಿಯಲ್ಲಿ ಸಿಕ್ಕ ಮರಿಗಳನ್ನು ಮನೆಯಲ್ಲಿ ಇಟ್ಟುಕೊಂಡು, ಸುಧಾರಿಸಿದ ಮೇಲೆ ಬೇರೆ ಮನೆಗಳಿಗೆ ಕೊಡುತ್ತಿದ್ದೇನೆ. ಮೊದಲ ವರ್ಷ ಹೊಸನಗರದ ಹತ್ತಿರದ ಒಂದು ಮನೆಗೆ ಗಂಡು ಮರಿ ಕೊಟ್ಟೆ. ಒಂದು ಚುಚ್ಚುಮದ್ದು ಹಾಕಿಸಿದ್ದೆ, ಅಷ್ಟೇ ಸಾಕು ಅಂದುಕೊಂಡಿದ್ದೆ. ಒಂಬತ್ತನೇ ದಿನಕ್ಕೆ ವಾಪಸ್ ತಂದುಬಿಟ್ಟರು. ಎರಡು ಕೋಳಿಮರಿ ಹಿಡಿದಿತ್ತಂತೆ. ರಾತ್ರಿಯಿಡೀ ಕೂಗಿ ಮನೆಯಲ್ಲಿದ್ದ ಅಜ್ಜಿಗೆ ನಿದ್ದೆಯೇ ಇಲ್ಲವಂತೆ. ತಪ್ಪು ಮರಿಯದ್ದಲ್ಲ, ಆ ಮನೆಯವರದ್ದೂ ಅಲ್ಲ. ನನ್ನ ಮನೆಯಲ್ಲಿ ಅದು ಕೋಳಿಯನ್ನೇ ನೋಡಿರಲಿಲ್ಲ. ಒಂದು ರಾತ್ರಿಯೂ ಒಂಟಿಯಾಗಿ ಮಲಗಿರಲಿಲ್ಲ. ಯಾವ ಮನೆಗೆ ಹೋಗುತ್ತದೋ ಆ ಮನೆಗೆ ತಕ್ಕ ಹಾಗೆ ಮರಿಯನ್ನು ತಯಾರು ಮಾಡಬೇಕು ಅನ್ನುವುದು ನನಗೆ ಗೊತ್ತಾದದ್ದು ಆಗ.

ಆದರೆ ಮೊದಲು ಮರಿ ಬದುಕಬೇಕಲ್ಲ. ಮೊದಲ ಎರಡು ವಾರ ಬೇರೆ ನಾಯಿಗಳ ಹತ್ತಿರ ಬಿಡಬೇಡಿ, ಲಸಿಕೆಗಳು ಮುಗಿಯುವವರೆಗೆ ರಸ್ತೆಯಲ್ಲಿ ನಡೆಸಬೇಡಿ. ಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮರಿ ವಾಂತಿ ಮಾಡಿ, ಊಟ ಬಿಟ್ಟು, ಭೇದಿಯಲ್ಲಿ ರಕ್ತ ಕಂಡರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಡಾಕ್ಟರ ಹತ್ತಿರ ಓಡಿ. ನಮ್ಮ ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅದು ಶಿವಮೊಗ್ಗದವರ ಪುಣ್ಯ. ಮೈ ಬೆಚ್ಚಗಿರಲಿ. ಬಚ್ಚಲು ಒಲೆ ಇದ್ದರೆ ಅದರ ಹತ್ತಿರ ಗೋಣಿಚೀಲ ಹಾಸಿ ಮಲಗಿಸಿ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ಮಾಡಿಸುತ್ತದೆ, ಅದರ ಬದಲು ಮೆತ್ತಗೆ ಬೆಂದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ ಕಲಸಿ ನಾಲ್ಕು ಸಲ ಕೊಡಿ.

ಜಂತಿನ ಔಷಧಿಯನ್ನು ತೂಕ ನೋಡಿ ಡಾಕ್ಟರೇ ಕೊಡಲಿ. ಪಾರ್ವೊ, ಡಿಸ್ಟೆಂಪರ್, ಇಲಿಜ್ವರ ಎಲ್ಲ ಸೇರಿದ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗುತ್ತದೆ. ನಾಲ್ಕು ತಿಂಗಳು ತುಂಬುವವರೆಗೆ 3-4 ವಾರಕ್ಕೊಮ್ಮೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಾನು ಎರಡು ತಿಂಗಳು ಕಾಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ. ಕೊನೆಯ ಡೋಸ್ ಬೇಕಾದರೆ ಅವರು ತೀರ್ಥಹಳ್ಳಿಯಲ್ಲೇ ಹಾಕಿಸಲಿ, ತಾರೀಖು ಕಾರ್ಡಿನಲ್ಲಿ ಬರೆದುಕೊಡಿ. ಈ ನಡುವೆ ಮರಿಯ ಹಲ್ಲು ತಾಗಿ ಮಕ್ಕಳ ಕೈ ಗೀರಿದರೂ ಸುಮ್ನೆ ಬಿಡಬೇಡಿ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಉಣುಗಿನ ಬಗ್ಗೆಯೂ ಗಮನ ಇರಲಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಕಾಣಿಸಿದ್ದು 1957ರಲ್ಲಿ ನಮ್ಮ ಸೊರಬದ ಕ್ಯಾಸನೂರಿನಲ್ಲೇ ಅಲ್ವಾ, ಹಾಗಾಗಿ ನಾಯಿ ಮೈಮೇಲೆ ಉಣುಗು ಕಂಡರೆ ಕಾಡಿನಂಚಿನ ಮನೆಯವರು ಹೆದರುತ್ತಾರೆ. ಉಣುಗಿನ ಔಷಧಿ ಹಾಕಿಸಿಯೇ ಕಳಿಸಿ, ಮುಂದೆ ಯಾವಾಗ ಹಾಕಬೇಕು ಅಂತಲೂ ತಿಳಿಸಿ.

ಇನ್ನು ಕಲಿಸುವ ವಿಷಯ. ಹುಟ್ಟಿದ ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿ ಏನನ್ನು ಹೆದರಿಕೆಯಿಲ್ಲದೆ ನೋಡುತ್ತದೋ, ಅದನ್ನು ಜೀವನಪೂರ್ತಿ ಸಲೀಸಾಗಿ ತೆಗೆದುಕೊಳ್ಳುತ್ತದೆ. ಆ ಸಮಯ ಈಗ ನಿಮ್ಮ ಕೈಯಲ್ಲಿದೆ. ನೆಲಕ್ಕೆ ಬಿಡಬಾರದು ಅಂದರೆ ಎತ್ತಿಕೊಂಡು ತೋರಿಸಿ. ಪರಿಚಯದವರ ಕೊಟ್ಟಿಗೆ ಇದ್ದರೆ ದನ, ಕರು, ಕೋಳಿ ತೋರಿಸಿ. ಕೋಳಿ ಕಂಡು ಸುಮ್ಮನಿದ್ದರೆ ತಿನ್ನಲು ಏನಾದರೂ ಕೊಡಿ. ಮಿಕ್ಸಿ, ಗುಡುಗು, ಕಳೆ ಕೊಚ್ಚುವ ಯಂತ್ರದ ಸದ್ದು ದೂರದಿಂದ ಕಿವಿಗೆ ಬೀಳಲಿ. ಕಂಬಳಿ ಹೊದ್ದವರು, ಕೋಲು ಹಿಡಿದ ಅಜ್ಜ, ಹೆಲ್ಮೆಟ್ ಹಾಕಿದವರು, ಎಲ್ಲರ ಕೈಯಿಂದಲೂ ತಿನ್ನಲಿ. ಕಿವಿ, ಬಾಯಿ, ಪಾದ ದಿನಾ ಮುಟ್ಟಿ. ಕಾಲ್ಬೆರಳ ಸಂದಿಯಲ್ಲಿ ಇಂಬಳ ಹತ್ತಿದಾಗ ತೆಗೆಯಲು ಬಿಡುವ ನಾಯಿ ಮಲೆನಾಡಿನಲ್ಲಿ ಸುಖವಾಗಿರುತ್ತದೆ. ನಿಮ್ಮ ಮರಿಗಳು ಅಕ್ಕತಂಗಿಯರು, ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ದಿನಾ ಸ್ವಲ್ಪ ಹೊತ್ತು ಬೇರೆ ಬೇರೆ ಕೋಣೆಯಲ್ಲಿಡಿ. ಐದು ನಿಮಿಷದಿಂದ ಶುರುಮಾಡಿ. ಎರಡು ತಿಂಗಳಲ್ಲಿ ಒಂದು ರಾತ್ರಿ ಒಂಟಿಯಾಗಿ ಮಲಗುವಷ್ಟು ಆಗಬೇಕು.

ಎರಡೂ ಹೆಣ್ಣು ಅಂದಿರಿ. ನನಗೆ ಜಾಸ್ತಿ ಸಂಕಟ ಆಗುವುದು ಈ ವಿಷಯದಲ್ಲೇ. ನನ್ನ ಮನೆಗೆ ಬಂದ ಮರಿಗಳಲ್ಲಿ ಮುಕ್ಕಾಲು ಪಾಲು ಹೆಣ್ಣು. ಗಂಡು ಮರಿಗಳನ್ನು ಆರಿಸಿ ಇಟ್ಟುಕೊಂಡು, ಹೆಣ್ಣು ಮರಿಗಳನ್ನು ಚೀಲಕ್ಕೆ ತುಂಬಿ ಸಂತೆಯ ಹತ್ತಿರವೋ ಹೊಳೆ ಬದಿಗೋ ಬಿಟ್ಟು ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, 63 ದಿನಕ್ಕೆ ಮರಿ ಹಾಕುತ್ತದೆ, ಆ ಮರಿಗಳನ್ನು ಏನು ಮಾಡುವುದು ಅನ್ನುವ ಭಯ ಅವರದ್ದು. ಆ ಭಯವನ್ನು ನಾವು ತೆಗೆಯಬಹುದು. ನಾನು ಕೊಡುವಾಗಲೇ ಹೇಳುತ್ತೇನೆ: "ಆರು ತಿಂಗಳು ತುಂಬಿದಾಗ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಹೊಲಿಗೆ ಒಣಗಿದ ಮೇಲೆ ತಂದು ಬಿಡುತ್ತೇನೆ." ಹೀಗೆ ಹೇಳಲು ಶುರುಮಾಡಿದ ಮೇಲೆ ಹೆಣ್ಣು ಮರಿ ಬೇಡ ಅನ್ನುವವರು ಕಡಿಮೆಯಾಗಿದ್ದಾರೆ. ನೀವು ಹೇಳಿದರೆ ಹೇಳಿದಂತೆ ಹೋಗಲೇಬೇಕು.

ಮನೆ ನೋಡದೆ ಕೊಡಬೇಡಿ. ಕುರ್ಕ, ಅಂದರೆ ಚಿರತೆ, ಬರುವ ಜಾಗವಾ ಎಂದು ನೇರವಾಗಿ ಕೇಳಿ. ರಾತ್ರಿ ಅಂಗಳದಲ್ಲಿ ಸರಪಳಿಗೆ ಕಟ್ಟಿದ ನಾಯಿ ಓಡಲೂ ಆಗದೆ ಕುರ್ಕನಿಗೆ ಸಿಗುತ್ತದೆ. ಕತ್ತಲಾದ ಮೇಲೆ ಒಳಗೆ ಅಥವಾ ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡುತ್ತೇವೆ ಅಂದರೆ ಮಾತ್ರ ಮುಂದಿನ ಮಾತು. ಹಗಲು ಎಷ್ಟು ಹೊತ್ತು ಕಟ್ಟುತ್ತಾರೆ, ಹಿಂದೆ ಸಾಕಿದ ನಾಯಿ ಏನಾಯಿತು, ಇದನ್ನೂ ಕೇಳಿ. ಅಡಿಕೆಗೆ ಹೊಡೆಯುವ ಮೈಲುತುತ್ತದ ಡ್ರಮ್ ಮುಚ್ಚಿಡಲು ಹೇಳಿ, ಬಾಯಾರಿದ ಮರಿ ಎಲ್ಲೆಂದರಲ್ಲಿ ನೀರು ಕುಡಿಯುತ್ತದೆ. ನಾನು ಇದನ್ನೆಲ್ಲ ಕೇಳಿದಾಗ ಕೋಪ ಮಾಡಿಕೊಂಡವರು ಇದ್ದಾರೆ, ಅವರಿಗೆ ಕೊಡಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ, ಕಾಫಿ ಕೊಟ್ಟು, ಸತ್ತುಹೋದ ತಮ್ಮ ಹಳೆಯ ನಾಯಿಯ ಕಥೆ ಹೇಳಿದವರೂ ಇದ್ದಾರೆ.

ಕೊಡುವ ದಿನ ಬೆಳಿಗ್ಗೆಯೇ ಹೊರಡಿ. ಹೊಸ ಜಾಗದಲ್ಲಿ ಕತ್ತಲಾಗುವ ಮೊದಲು ಮರಿಗೆ ಎಲ್ಲ ಮೂಸಿ ನೋಡಲು ಸಮಯ ಸಿಗಬೇಕು. "ಹೊಂದಿಕೊಳ್ಳದಿದ್ದರೆ ಎಲ್ಲೂ ಬಿಡಬೇಡಿ, ನನಗೆ ಫೋನ್ ಮಾಡಿ" ಅಂತ ಆ ಮನೆಯವರಿಗೆ ಹೇಳಿ ಬನ್ನಿ. ಮೂರನೇ ದಿನ ನೀವೇ ಫೋನ್ ಮಾಡಿ ವಿಚಾರಿಸಿ. ಅದು ಮಲಗುತ್ತಿದ್ದ ಗೋಣಿಚೀಲವನ್ನೂ ಜೊತೆಗೆ ಕೊಡಿ. ತೊಳೆಯಬೇಡಿ, ಅದರಲ್ಲಿ ತಂಗಿಯ ವಾಸನೆ, ನಿಮ್ಮ ಮನೆಯ ವಾಸನೆ ಇರುತ್ತದೆ.