ಕೋಡ್ ಮುಚ್ಚಿಟ್ಟರೆ ಕಳವು ನಿಲ್ಲುತ್ತಾ?

ಪ್ರಶ್ನೆ: ಮಲ್ಪೆ ಬಂದರಿನ ಮೀನು ಏಜೆಂಟರಿಗೆ ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಸಾಫ್ಟ್‌ವೇರ್ ಮಾಡಿ, ಅವರ ಕಂಪ್ಯೂಟರಿಗೇ ಹಾಕಿಕೊಡುತ್ತೇನೆ. ಯಾರೋ ಆ ಫೋಲ್ಡರನ್ನು ಕಾಪಿ ಮಾಡಿ ಮಂಗಳೂರು ಧಕ್ಕೆಯಲ್ಲಿ ಮಾರಿದ್ದಾರೆ. ನೆಟ್‌ನಲ್ಲಿ ಸಿಗುವ ಉಚಿತ ಅಬ್‌ಫಸ್ಕೇಟರ್ (ಕೋಡನ್ನು ಓದಲಾಗದಂತೆ ಗೋಜಲು ಮಾಡುವ ಟೂಲ್) ಹಾಕಿದರೆ ಸಾಕಾ? ಲೈಸೆನ್ಸ್ ಪತ್ರವೂ ಬೇಕಾ?
— ಓದುಗರೊಬ್ಬರು, ಉಡುಪಿ

ಉತ್ತರ: ಸಾಕಾಗುವುದಿಲ್ಲ. ನಿಮ್ಮಲ್ಲಿ ಕಳವಾದದ್ದು ಇಡೀ ಫೋಲ್ಡರ್, ಅಲ್ವಾ? ಅಬ್‌ಫಸ್ಕೇಟ್ ಮಾಡಿದ ಫೋಲ್ಡರೂ ಕಾಪಿ ಆಗುತ್ತದೆ, ಬೇರೆ ಕಡೆ ಚೆನ್ನಾಗಿಯೇ ಓಡುತ್ತದೆ.

ಹಾಗಾಗಿ ಮೊದಲು ಲೈಸೆನ್ಸ್ ಫೈಲ್ ಮಾಡಿ. ಅಂಗಡಿಯ ಹೆಸರು, ಆ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ), ಮುಗಿಯುವ ತಾರೀಕು ಇಷ್ಟನ್ನೂ ಅದರಲ್ಲಿ ಬರೆದು ಡಿಜಿಟಲ್ ಸಹಿ ಹಾಕಿ. ಸಹಿ ಹಾಕುವ ಪ್ರೈವೇಟ್ ಕೀ ನಿಮ್ಮ ಹತ್ತಿರವೇ ಇರಲಿ, ಸಹಿ ಅಸಲಿಯಾ ಅಂತ ನೋಡುವ ಪಬ್ಲಿಕ್ ಕೀ ಮಾತ್ರ ಸಾಫ್ಟ್‌ವೇರಿನೊಳಗೆ. ತೆರೆದಾಗೆಲ್ಲ ಸಾಫ್ಟ್‌ವೇರ್ ಈ ಸಹಿ, ಕಂಪ್ಯೂಟರ್, ತಾರೀಕು ಸರಿಯಿದೆಯಾ ಅಂತ ಪರೀಕ್ಷಿಸಲಿ. ಹೀಗೆ ಮಾಡಿದರೆ ಪರೀಕ್ಷೆಗೆ ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ನೆಟ್ ಹೋದರೂ ಬಿಲ್ಲಿಂಗ್ ನಿಲ್ಲುವುದಿಲ್ಲ.

ಆ ಪರೀಕ್ಷೆಯ ಸಾಲನ್ನೇ ಯಾರಾದರೂ ಅಳಿಸಿಹಾಕಿದರೆ? ಕೋಡ್ ಮುಚ್ಚಬೇಕಾದದ್ದು ಇದಕ್ಕೇ. ಉಚಿತ ಟೂಲ್‌ಗಳಲ್ಲಿ ಹಲವು ಕೋಡನ್ನು ಬೇಸ್64 ಮಾಡಿ (ಅಂದರೆ ಸುಲಭವಾಗಿ ವಾಪಸ್ ಬಿಡಿಸಬಹುದಾದ ಅಕ್ಷರಗಳ ಸಾಲಾಗಿ ಬದಲಿಸಿ) 'ಇವ್ಯಾಲ್' (ಪಠ್ಯವನ್ನು ಕೋಡಾಗಿ ಓಡಿಸುವ ಆದೇಶ) ಕೊಟ್ಟು ಓಡಿಸುತ್ತವೆ, ಅಷ್ಟೇ. 'ಇವ್ಯಾಲ್' ಇದ್ದಲ್ಲಿ 'ಎಕೋ' ಅಂತ ಬರೆದರೆ ಅಸಲಿ ಕೋಡ್ ಪರದೆ ಮೇಲೆ ಬಂದುಬಿಡುತ್ತದೆ. ಅಯಾನ್‌ಕ್ಯೂಬ್, ಸೋರ್ಸ್‌ಗಾರ್ಡಿಯನ್‌ನಂಥ ಟೂಲ್‌ಗಳು ಕೋಡನ್ನು ಬೈಟ್‌ಕೋಡ್ (ಯಂತ್ರ ಓದುವ ರೂಪ) ಮಾಡಿ ಎನ್‌ಕ್ರಿಪ್ಟ್ ಮಾಡುತ್ತವೆ. ಹಣ ಕೊಡಬೇಕು, ಪ್ರತಿ ಕಂಪ್ಯೂಟರಿಗೂ ಆ ಕೋಡನ್ನು ಬಿಡಿಸಿ ಓಡಿಸುವ ಲೋಡರ್ ಹಾಕಬೇಕು. ಹಟ ಹಿಡಿದು ಕೂತವರು ಇದನ್ನೂ ಬಿಡಿಸಬಹುದು. ಆದರೂ ನಿಮ್ಮ ವ್ಯಾಪಾರಕ್ಕೆ ಈ ಖರ್ಚು ದಂಡವಲ್ಲ ಅಂತಲೇ ನನ್ನ ಅಭಿಪ್ರಾಯ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟ್‌ಗಳಿಗೆ ರಜೆ. ಏಜೆಂಟರಿಗೂ ಬಿಡುವು ಜಾಸ್ತಿ, ಆಗಲೇ ಹೊಸ ಆವೃತ್ತಿ ಹಾಕಿಕೊಡಿ.

ಲೈಸೆನ್ಸ್ ಪತ್ರ ಖಂಡಿತ ಬೇಕು. ಒಂದು ಅಂಗಡಿ, ಒಂದು ಕಂಪ್ಯೂಟರ್, ಬೇರೆಯವರಿಗೆ ಕೊಡುವಂತಿಲ್ಲ ಅಂತ ಸರಳವಾಗಿ ಬರೆದು ಇಬ್ಬರೂ ಸಹಿ ಹಾಕಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನೂ ಸಾಹಿತ್ಯ ಕೃತಿ ಅಂತಲೇ ಎಣಿಸುತ್ತದೆ. ಬರೆದ ಕ್ಷಣದಿಂದ ಹಕ್ಕು ನಿಮ್ಮದು. ನೀವು ಏಜೆಂಟರ ನೌಕರರಲ್ಲ, ಆದ್ದರಿಂದ ಬರವಣಿಗೆಯಲ್ಲಿ ಬಿಟ್ಟುಕೊಡದಿದ್ದರೆ ಅದು ನಿಮ್ಮಲ್ಲೇ ಉಳಿಯುತ್ತದೆ. 'ಎಲ್ಲ ಹಕ್ಕೂ ಗ್ರಾಹಕರದು' ಅನ್ನುವ ಸಾಲಿರುವ ಆರ್ಡರಿಗೆ ಸಹಿ ಹಾಕಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೆ ಕೋರ್ಟಿನಲ್ಲಿ ಆ ಪ್ರಮಾಣಪತ್ರವೇ ಮೇಲ್ನೋಟದ ಸಾಕ್ಷಿ, ಅಂದರೆ ಬೇರೆ ಸಾಬೀತಾಗುವ ತನಕ ನಿಲ್ಲುವ ಸಾಕ್ಷಿ. ನಕಲಿ ಅಂತ ಗೊತ್ತಿದ್ದೂ ಬಳಸುವವರಿಗೆ ಸೆಕ್ಷನ್ 63ಬಿ ಪ್ರಕಾರ 7 ದಿನದಿಂದ 3 ವರ್ಷದ ತನಕ ಜೈಲು, 50,000 ರೂಪಾಯಿಯಿಂದ 2 ಲಕ್ಷದ ತನಕ ದಂಡ ಆಗಬಹುದು.

ನಿಮ್ಮ ಕೋಡಿನಲ್ಲಿ ಬೇರೆಯವರ ಲೈಬ್ರರಿಗಳು (ಸಿದ್ಧ ಕೋಡ್‌ಗಳು) ಇವೆಯಾ, ನೋಡಿಕೊಳ್ಳಿ. ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನ ಲೈಬ್ರರಿ ಸೇರಿಸಿ ಮಾರಿದರೆ ಗ್ರಾಹಕರಿಗೆ ಸೋರ್ಸ್ (ಮೂಲ ಕೋಡ್) ಕೊಡಲೇಬೇಕು. ಅಬ್‌ಫಸ್ಕೇಟ್ ಮಾಡಿದ್ದನ್ನು ಸೋರ್ಸ್ ಅನ್ನಲಾಗದು.

ಈಗಾಗಲೇ ಮಾರಾಟವಾದ ನಕಲಿನ ಪ್ರತಿ, ಸ್ಕ್ರೀನ್‌ಶಾಟ್, ನಿಮ್ಮ ಹಳೆಯ ಬಿಲ್‌ಗಳು, ಗಿಟ್‌ನಲ್ಲಿ (ಕೋಡಿನ ಬದಲಾವಣೆ ದಾಖಲಿಸುವ ಟೂಲ್) ಇರುವ ತಾರೀಕುಗಳು ಎಲ್ಲವನ್ನೂ ಒಟ್ಟು ಮಾಡಿ ವಕೀಲರ ಮೂಲಕ ನೋಟಿಸ್ ಕಳಿಸಿ. ಅದಕ್ಕೆ ಮುಂಚೆ ಫೋನ್ ಮಾಡಿ ಜಗಳಕ್ಕಿಳಿಯಬೇಡಿ, ಅವರು ಫೈಲ್ ಅಳಿಸಿಬಿಡಬಹುದು.