ಬಾಗಿಲಲ್ಲಿ ನಿಂತು ದೇಣಿಗೆ ಕೇಳಿದರೆ

ಇಂಗ್ಲೆಂಡಿಗೆ ಬಂದು ಮೂರು ವಾರ, ಸಂಜೆ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಇಬ್ಬರು ಬಂದು ಮಕ್ಕಳ ಆಸ್ಪತ್ರೆಗೆ ಅಂತ ಬ್ಯಾಂಕ್ ನಂಬರ್ ಕೇಳಿದರು, ಹೆದರಿ ಬಾಗಿಲು ಹಾಕಿಬಿಟ್ಟೆ, ತಪ್ಪಾಯಿತಾ ಅಂತ ಕೇಳಿದ್ದೀರಿ. ಇಲ್ಲ ತಂಗಿ. ತಪ್ಪು ಮಾಡಿದ್ದು ನಾನು, ಹದಿನಾಲ್ಕು ವರ್ಷದ ಹಿಂದೆ.

ಜನವರಿ ತಿಂಗಳ ಮಳೆ. ದೇಣಿಗೆ ಕೇಳೋಕೆ ಬಂದ ಹುಡುಗನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಣೇಶನ ಚಂದಾದವರಿಗೆ ಐವತ್ತು ರೂಪಾಯಿ ಕೊಟ್ಟು ರಸೀದಿ ಹರಿಸಿಕೊಳ್ಳೋ ಹಾಗೆ ಅಂದುಕೊಂಡು, ಅವನ ಟ್ಯಾಬಿನಲ್ಲಿ ಸಾರ್ಟ್ ಕೋಡು (ಬ್ಯಾಂಕ್ ಶಾಖೆಯ ಸಂಖ್ಯೆ), ಅಕೌಂಟ್ ನಂಬರು ಎಲ್ಲ ಒತ್ತಿಬಿಟ್ಟೆ. ಎಂಟು ಪೌಂಡ್. ಅದು ತಿಂಗಳು ತಿಂಗಳು ಹೋಗ್ತಿದೆ ಅಂತ ಗೊತ್ತಾಗಿದ್ದು ಯುಗಾದಿ ಹೊತ್ತಿಗೆ! ಮೋಸ ಏನಲ್ಲ, ಸಂಸ್ಥೆ ಅಸಲಿಯೇ. ಡೈರೆಕ್ಟ್ ಡೆಬಿಟ್ ಅಂದರೆ ನಮ್ಮ ಖಾತೆಯಿಂದ ಅವರೇ ದುಡ್ಡು ತೆಗೆದುಕೊಳ್ಳೋಕೆ ಕೊಡೋ ಒಪ್ಪಿಗೆ ಅಂತ ನನಗೆ ತಿಳಿದಿರಲಿಲ್ಲ, ಅಷ್ಟೆ. ಬ್ಯಾಂಕಿಗೆ ಹೇಳಿ ನಿಲ್ಲಿಸಿದೆ.

ಈಗ ಹೊಸ್ತಿಲಲ್ಲಿ ದುಡ್ಡೂ ಕೊಡಲ್ಲ, ನಂಬರೂ ಕೊಡಲ್ಲ. ಚೈನ್ ಹಾಕಿಯೇ ಬಾಗಿಲು ತೆಗೆದು, ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ ಬರೆದುಕೊಳ್ತೀನಿ. ಆಮೇಲೆ ಕಾಫಿ ಕುಡೀತಾ ಚಾರಿಟಿ ಕಮಿಷನ್ (ದಾನ ಸಂಸ್ಥೆಗಳ ಮೇಲೆ ಕಣ್ಣಿಡೋ ಸರ್ಕಾರಿ ಇಲಾಖೆ) ರಿಜಿಸ್ಟರ್‌ನಲ್ಲಿ ಹುಡುಕಿದರೆ ಆದಾಯ ಖರ್ಚು ಸಮೇತ ಸಿಗುತ್ತೆ. (ವರ್ಷಕ್ಕೆ 5,000 ಪೌಂಡ್‌ಗಿಂತ ಕಡಿಮೆ ಆದಾಯದ ಚಿಕ್ಕಪುಟ್ಟ ಸಂಸ್ಥೆಗಳು ಸಾಮಾನ್ಯವಾಗಿ ಅಲ್ಲಿರಲ್ಲ.) ಮನಸ್ಸಾದರೆ ಅವರ ವೆಬ್‌ಸೈಟ್‌ಗೆ ನಾನೇ ಹೋಗಿ ಕೊಡ್ತೀನಿ. ಅಲ್ಲಿ ಗಿಫ್ಟ್ ಏಡ್ ಅಂತ ಒಂದು ಟಿಕ್ ಇರುತ್ತೆ, ನಿಮ್ಮ ಒಂದು ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತೆ. ನೀವಿನ್ನೂ ಇಲ್ಲಿ ತೆರಿಗೆ ಕಟ್ಟದಿದ್ದರೆ ಅದನ್ನು ಮುಟ್ಟಬೇಡಿ, ಆ ದುಡ್ಡು ನಿಮ್ಮ ತಲೆಗೇ ಬರುತ್ತೆ.

ಡಬ್ಬಿ ಹಿಡಿದು ಬಂದವರಾದರೆ ಡಬ್ಬಿ ಸೀಲ್ ಆಗಿದೆಯಾ ನೋಡಿ. ಇನ್ನು ಕೆಲವರು ಚೀಲದ ತುಂಬ ಡಸ್ಟರ್ ಬಟ್ಟೆ ಹೊತ್ತು, 'ಈಗಷ್ಟೇ ಜೈಲಿಂದ ಬಂದೆ, ಹೊಸ ಬದುಕು' ಅಂತಾರೆ. ಅವರದು ವ್ಯಾಪಾರ, ದಾನಕ್ಕೂ ಅದಕ್ಕೂ ಸಂಬಂಧ ಇಲ್ಲ. ವಾದಕ್ಕಿಳಿಯಬೇಡಿ. ಹೋಗದೆ ಕಾಡಿದರೆ ಪೊಲೀಸರ 101, ಭಯವಾದರೆ 999.

ಬಾಗಿಲಿಗೆ 'ನೋ ಕೋಲ್ಡ್ ಕಾಲಿಂಗ್' (ಕರೆಯದೆ ಬಂದು ಬಾಗಿಲು ತಟ್ಟಬೇಡಿ) ಅನ್ನೋ ಸ್ಟಿಕರ್ ಅಂಟಿಸಿದರೆ ಸರಿಯಾದ ಸಂಸ್ಥೆಯವರು ಬಾಗಿಲು ತಟ್ಟುವಂತಿಲ್ಲ, ಅದು ಅವರದೇ ನಿಯಮ.

ಬಾಯಲ್ಲಿ ಹೇಳೋದಕ್ಕೆ 'ನಾಟ್ ಟುಡೇ, ಥ್ಯಾಂಕ್ಸ್' ಸಾಕು. ಕಾರಣ ಕೊಟ್ಟಿರೋ, ಅದಕ್ಕೊಂದು ಉತ್ತರ ಅವರ ಹತ್ತಿರ ರೆಡಿ ಇರುತ್ತೆ. ನಮ್ಮತ್ತೆ ಇಲ್ಲಿದ್ದಾಗ ಒಬ್ಬನಿಗೆ ಕೈಯಾಡಿಸಿ ಅಚ್ಚಗನ್ನಡದಲ್ಲೇ 'ಮುಂದೆ ಹೋಗಪ್ಪಾ' ಅಂದಿದ್ದರು. ಅವನು ನಕ್ಕು ಪಕ್ಕದ ಮನೆಗೆ ಹೋದ.